ಚಾಕು ಬಿಚ್ಚುವ ಭಾವ

ಮದುವೆ ಮನೆಯಲ್ಲೋ ರೈಲಿನಲ್ಲೋ ಯಾರಾದರೂ ಚಿಪ್ಸ್ ಪೊಟ್ಟಣವನ್ನು ಹಲ್ಲಿಗೆ ಕೊಟ್ಟು ಹರಿಯಲು ಹೊರಟರೆ, "ತಾಳಿ, ತಾಳಿ" ಎನ್ನುತ್ತ ಜೇಬಿಗೆ ಕೈಹಾಕುವವರೊಬ್ಬರು ಎಲ್ಲ ಊರಲ್ಲೂ ಇರುತ್ತಾರೆ. ಹೊರಬರುವುದು ಬೆರಳುದ್ದದ ಮಡಚುವ ಚಾಕು. ಅದರೊಳಗೆ ಕತ್ತರಿ, ಉಗುರಿನ ಅರ, ಚಿಮಟ, ಹಲ್ಲುಕಡ್ಡಿ. ಪೊಟ್ಟಣ ಬಿಚ್ಚಿಕೊಟ್ಟು, ಚಾಕು ಒರೆಸಿ ಜೇಬಿಗಿಳಿಸುವ ಈ ಮಂದಿ ನಿರುಪದ್ರವಿಗಳು, ಅವರಿಗೆ ನಮಸ್ಕಾರ. ನಾನು ಹೇಳಹೊರಟಿರುವುದು ಇವರಲ್ಲೇ ಇನ್ನಷ್ಟು ಮುಂದುವರಿದ ಪಂಗಡದ ಬಗ್ಗೆ. ಅವರು ಚಾಕುವಿನಿಂದ ಏನನ್ನೂ ಬಿಚ್ಚುವುದಿಲ್ಲ. ಚಾಕುವನ್ನೇ ಬಿಚ್ಚುತ್ತಾರೆ.

ಇವರನ್ನು ಗುರುತಿಸುವುದು ಸುಲಭ. ಎಡಗೈ ಹೆಬ್ಬೆರಳಿನ ಉಗುರು ಸುತ್ತಿಗೆ ಪೆಟ್ಟು ತಿಂದು ಕಪ್ಪಾಗಿರುತ್ತದೆ. ಊಟದ ಮೇಜಿಗೆ ವೈಸ್ ಬಿಗಿದಿರುತ್ತಾರೆ, ಮನೆಯವರು ಅದರ ಸುತ್ತ ತಟ್ಟೆ ಇಟ್ಟುಕೊಂಡು ಉಣ್ಣುತ್ತಾರೆ. ನಿಮ್ಮ ಕೈಯಲ್ಲಿ ಚಾಕು ಕಂಡರೆ ಕ್ಷೇಮಸಮಾಚಾರಕ್ಕೂ ಮೊದಲು "ಐವತ್ತೆಂಟೋ, ತೊಂಬತ್ತೊಂದೋ?" ಎಂದು ಕೇಳುತ್ತಾರೆ. ಗಾಬರಿಯಾಗಬೇಡಿ, ಕೇಳುತ್ತಿರುವುದು ನಿಮ್ಮ ವಯಸ್ಸನ್ನಲ್ಲ, ಚಾಕುವಿನ ಮಿಲಿಮೀಟರನ್ನು.

ನಮ್ಮ ಮನೆತನಕ್ಕೆ ದಕ್ಕಿದ ಪ್ರತಿನಿಧಿ ನನ್ನ ಷಡ್ಡಕರು. ಹೆಂಡತಿಯ ಅಕ್ಕನ ಗಂಡ, ಹಾಗಾಗಿ ನನಗೂ 'ಭಾವ'. ಬ್ಯಾಂಕಿನ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರು ಬರೆದಿಟ್ಟ ಲೆಕ್ಕದಲ್ಲಿ ತಪ್ಪು ಹುಡುಕಿ ಹಸಿರು ಶಾಯಿಯಲ್ಲಿ ಟಿಕ್ ಹಾಕುವುದು ಅವರ ಉದ್ಯೋಗವಾಗಿತ್ತು. ಲೆಕ್ಕದ ಪುಸ್ತಕಗಳು ಕೈಬಿಟ್ಟ ಮೇಲೆ ಆ ಕಣ್ಣು ಸ್ವಿಟ್ಜರ್ಲೆಂಡಿನ ಮೇಲೆ ಬಿತ್ತು.

ಆ ದೇಶದ ಇತಿಹಾಸ ಈಗ ಅವರ ನಾಲಗೆಯ ತುದಿಯಲ್ಲಿದೆ. 1884ರಲ್ಲಿ ಇಬಾಖ್ ಎಂಬ ಹಳ್ಳಿಯಲ್ಲಿ ಕಾರ್ಲ್ ಎಲ್ಸೆನರ್ ಚಾಕುಚೂರಿ ಮಾಡುವ ಕಾರ್ಯಾಗಾರ ತೆರೆದದ್ದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಸರಬರಾಜು ಶುರುವಾದದ್ದು, 1897ರಲ್ಲಿ ಅಧಿಕಾರಿಗಳ ಚಾಕು ಕಾನೂನುಬದ್ಧವಾಗಿ ನೋಂದಣಿಯಾದದ್ದು, ಒಂದೇ ಸ್ಪ್ರಿಂಗು ಹಿಡಿಯ ಎರಡೂ ಕಡೆಯ ಸಲಕರಣೆಗಳನ್ನು ಹಿಡಿದಿಡುವ ಅದರ ಜಾಣತನ, ಎಲ್ಲವೂ ಸಾರಿಗೂ ಮಜ್ಜಿಗೆಗೂ ನಡುವೆ ಬಂದುಹೋಗುತ್ತವೆ. "ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಆಕೆಯ ಹೆಸರನ್ನೇ ಸರಕಿಗೆ ಇಟ್ಟ ಕಣ್ರೀ. ನೀವು ನಿಮ್ಮ ತಾಯಿ ಹೆಸರಲ್ಲಿ ಏನು ಮಾಡಿದ್ದೀರಿ?" ನಾನು ಮಜ್ಜಿಗೆ ಹಾಕಿಸಿಕೊಳ್ಳುತ್ತೇನೆ.

ಆಯುಧಪೂಜೆಗೆ ಅವರ ಮನೆಯಲ್ಲಿ ಚಾಕುಗಳ ಸಾಲು ನಿಲ್ಲುತ್ತದೆ, ಕುಂಕುಮ ಮಾತ್ರ ತಟ್ಟೆಗೆ. "ಸ್ಪ್ರಿಂಗಿನ ಸಂದಿಗೆ ಇಳಿದರೆ ತೆಗೆಯೋರು ಯಾರು?" ಹೊಸ ಕಾರಿನ ಪೂಜೆಗೆ ನಿಂಬೆಹಣ್ಣು ಹೆಚ್ಚಬೇಕೆಂದು ಕೇಳಿದ್ದಕ್ಕೆ ಬೆಚ್ಚಿಬಿದ್ದರು: "ಹುಳಿ ತಾಗಿದರೆ ಹಿತ್ತಾಳೆ ಹೊಳೆದುಬಿಡತ್ತೆ! ಅದು ಮಾಸೋದಕ್ಕೆ ಎಷ್ಟು ಕಾದಿದ್ದೀನಿ ಗೊತ್ತಾ?" ಗೃಹಪ್ರವೇಶವೊಂದರಲ್ಲಿ ಅಕ್ಕಿ ಮೂಟೆಯ ಹುರಿ ಕತ್ತರಿಸಲು ಮೂರು ಚಾಕು ತೆಗೆದು, ಯಾವುದು ಸೂಕ್ತವೆಂದು ವಿವರಿಸುತ್ತಿರುವಾಗಲೇ ಅಡುಗೆಭಟ್ಟರು ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಅಕ್ಕಿ ತೊಳೆದು, ಒಲೆಯ ಮೇಲಿಟ್ಟಾಗಿತ್ತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನನ್ನ ಚಾಕುವಿನ ವಿಷಯ.

ನನ್ನ ತಮ್ಮನ ಮಗ ಜ್ಯೂರಿಕ್‌ನಿಂದ ತಂದುಕೊಟ್ಟಿದ್ದ ಐವತ್ತೆಂಟು ಮಿಲಿಮೀಟರಿನ ಕೆಂಪು ಚಾಕು ಅದು. ಬೀಗದ ಕೈ ಗೊಂಚಲಿನಲ್ಲಿ ನೇತಾಡಿಕೊಂಡು ಸುಖವಾಗಿತ್ತು. ಭಾವ ಒಂದು ದಿನ ನೋಡಿದರು. "ಸ್ಕೇಲ್ ಸವೆದಿದೆಯಲ್ರೀ. ಕೊಡಿ, ಭಾನುವಾರ ಬದಲಾಯಿಸಿ ಕೊಡ್ತೀನಿ." ಹಿಡಿಯ ಮೇಲಿನ ಹೊದಿಕೆಗೆ ಇವರು ಸ್ಕೇಲ್ ಅನ್ನುತ್ತಾರೆ. "ಬೇಡ ಭಾವ" ಎನ್ನುವಷ್ಟರಲ್ಲಿ ಚಾಕು ಅವರ ಜೇಬಿನಲ್ಲಿತ್ತು. ಯಾವ ಭಾನುವಾರ ಎಂದು ಅವರು ಹೇಳಿರಲಿಲ್ಲ.

ಸ್ಕೇಲ್ ಬದಲಾಯಿಸುವುದು ದೊಡ್ಡ ಕೆಲಸವೇನಲ್ಲ. ಪ್ಲಾಸ್ಟಿಕ್ ಹೊದಿಕೆ ರಿವೆಟ್ಟಿನ ತಲೆಗಳಿಗೆ ಕಚ್ಚಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಳ್ಳನೆಯ ಅಲಗಿನಿಂದ ಮೀಟಿದರೆ ಬರುತ್ತದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಲಗು ಕೂದಲೆಳೆಯಷ್ಟು ಅಲ್ಲಾಡುತ್ತಿತ್ತಂತೆ. ಇನ್ಸ್‌ಪೆಕ್ಷನ್ ವಿಭಾಗ ಇಂಥದ್ದನ್ನು ಬಿಡುತ್ತದೆಯೇ? ಹಿತ್ತಾಳೆ ರಿವೆಟ್ಟಿನ ತಲೆಯನ್ನು ಅರದಿಂದ ಉಜ್ಜಿ, ತಟ್ಟಿ, ಹೊರಗೆ ತಳ್ಳಿದರು. ಇಬಾಖ್‌ನಲ್ಲಿ ಬಿಗಿಯಾಗಿ ಕೂತು ಬಂದಿದ್ದ ಬಿಡಿಭಾಗಗಳಿಗೆ ಬಿಡುಗಡೆ ಸಿಕ್ಕಿತು. ಅಲಗು ಮೇಜಿನ ಮೇಲೆ, ಅರ ಕುರ್ಚಿಯ ಕೆಳಗೆ. ಕತ್ತರಿಯ ಬಾಯಿ ತೆರೆಸುವ ಪುಟಾಣಿ ಸ್ಪ್ರಿಂಗು ದೇವರ ಕೋಣೆಯ ದಿಕ್ಕಿಗೆ ಹಾರಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ. ಭಾವ ಅಯಸ್ಕಾಂತ ಹಿಡಿದು ನೆಲವೆಲ್ಲ ತೆವಳಿದರು. ಸಿಕ್ಕಿದ್ದು ಹೇರ್‌ಪಿನ್ನುಗಳು ಮತ್ತು ಒಂದು ಸೇಫ್ಟಿಪಿನ್ನು.

ಆಮೇಲೆ ರಿವೆಟ್ಟಿಗೆ ಹಿತ್ತಾಳೆ ಸರಳು ಬೇಕಾಯಿತು. ಎಸ್.ಪಿ. ರಸ್ತೆಯ ಹಿಂದಿನ ಅಂಗಡಿಯವನು ಕೆ.ಜಿ. ಲೆಕ್ಕದಲ್ಲಿ ಮಾರುವವನು, ಇವರಿಗೆ ಬೇಕಾದದ್ದು ಬೆರಳುದ್ದ. ಅವನು ಸುಮ್ಮನೆ ಕತ್ತರಿಸಿ ಕೈಗಿಟ್ಟು "ಹೋಗಿ ಸಾರ್" ಅಂದನಂತೆ. ಅದನ್ನು ಭಾವ ಇಂದಿಗೂ ತಮ್ಮ ವ್ಯವಹಾರಜ್ಞಾನವೆಂದೇ ಹೇಳಿಕೊಳ್ಳುತ್ತಾರೆ.

ಇನ್ನು ಹೊಸ ಸ್ಕೇಲ್. ಬೀಟೆ ಮರ ಎಲ್ಲರೂ ಹಾಕುತ್ತಾರೆ, ಅದು ಬೇಡ. ತೆಂಗಿನ ಕರಟ ಉಜ್ಜಿ ಸಮ ಮಾಡುವಷ್ಟರಲ್ಲಿ ಒಡೆಯಿತು. ಕೊನೆಗೆ ಬಟ್ಟೆಯ ತುಂಡುಗಳನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ, ಒಂದರ ಮೇಲೊಂದು ಪೇರಿಸಿ, ರಾತ್ರಿಯಿಡೀ ವೈಸಿನಲ್ಲಿ ಬಿಗಿದು ಹಲಗೆ ಮಾಡುವ ವಿದ್ಯೆಗೆ ಕೈಹಾಕಿದರು. ಬಟ್ಟೆ ಅಕ್ಕನ ಇಳಕಲ್ ಸೀರೆಯ ಕೆಂಪು ಸೆರಗು.

"ಹರಿದಿತ್ತಲ್ಲೇ" ಅಂದರು ಭಾವ.

"ಹರಿದಿದ್ದು ಅಂಚು. ಸೆರಗಲ್ಲ" ಅಂದರು ಅಕ್ಕ. ಹೊಂದಿಕೊಂಡು ಬಾಳಿದ ಗಂಡಹೆಂಡಿರ ನಡುವೆ ಲೆಕ್ಕ ತಾಳೆಯಾಗದ ಸಂದರ್ಭ ನಾನು ಕಂಡದ್ದು ಅದೊಂದೇ.

ಚಾಕು ವಾಪಸ್ಸು ಬಂದಾಗ ನಿಜ ಹೇಳಬೇಕೆಂದರೆ ನಾನು ಬೆರಗಾದೆ. ಉಜ್ಜಿ ಹೊಳಪು ಕೊಟ್ಟ ಅಂಚಿನಲ್ಲಿ ಚಿರೋಟಿಯ ಪದರಗಳಂತೆ ಎಳೆಎಳೆಯಾಗಿ ಕೆಂಪು. ಅಂಥದ್ದು ಜ್ಯೂರಿಕ್‌ನಲ್ಲೂ ಸಿಗಲಾರದು. ಅಲಗು ಅಲ್ಲಾಡುವುದು ಪೂರ್ತಿ ನಿಂತಿತ್ತು. ತೆರೆಯುವುದೂ ನಿಂತಿತ್ತು. ಕತ್ತರಿ ಮುಚ್ಚುತ್ತದೆ, ತಾನಾಗಿ ಬಾಯಿ ತೆರೆಯುವುದಿಲ್ಲ. ಮದುವೆ ಊಟವಾದ ಮೇಲೆ ನನಗೆ ನಿಜವಾಗಿ ಉಪಕಾರವಾಗುತ್ತಿದ್ದ ಹಲ್ಲುಕಡ್ಡಿಯೇ ಮಾಯ!

"ಅದಕ್ಕೆ ಸೀಳು ತೆಗೆದರೆ ಪದರ ಹಾಳಾಗತ್ತೆ ನೋಡಿ" ಎಂದರು.

ರೇಗಿ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಹೊದಿಕೆ ಕೂರಿಸದ ಇನ್ನೊಂದು ಚಾಕುವನ್ನು ದೀಪದ ಕೆಳಗೆ ಹಿಡಿದು ತೋರಿಸಿದರು. ಒಳಗಿನ ಅಲ್ಯುಮಿನಿಯಂ ತಗಡಿನ ಮೇಲೆ ಸೂಜಿಯಲ್ಲಿ ಗೀರಿದ ತಾರೀಖು, ಪಕ್ಕದಲ್ಲಿ ಒಂದು ಟಿಕ್. ಎಲ್ಲ ಚಾಕುವಿನೊಳಗೂ ಹಾಕುತ್ತಾರಂತೆ. ಸ್ಕೇಲ್ ಅಂಟಿಸಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. "ಸರ್ವಿಸ್ ಪೂರ್ತಿ ಬೇರೆಯವರು ಮಾಡಿದ್ದಕ್ಕೆ ಟಿಕ್ ಹಾಕಿದೆ. ಇದು ನಾನೇ ಮಾಡಿದ್ದು" ಅಂದರು. ಸಂಬಳದ ಕೆಲಸದಲ್ಲಿ ಕೈಗೆ ಹಿಡಿದು ತೋರಿಸುವಂಥದ್ದೇನನ್ನೂ ಮಾಡದೆ ನಿವೃತ್ತರಾದವರು ನಮ್ಮಲ್ಲಿ ಬಹಳ ಜನ ಇದ್ದೇವೆ. ನಾನೂ ಅವರಲ್ಲೊಬ್ಬ. ನನಗೆ ಟಿಕ್ ಹಾಕಲು ಒಂದು ಚಾಕುವೂ ಇಲ್ಲ, ಇದ್ದದ್ದು ಹೀಗಾಯಿತು.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಆ ಕತ್ತರಿಯ ಸ್ಪ್ರಿಂಗನ್ನು ಬಿಡಿಯಾಗಿಯೂ ಮಾರುತ್ತಾರೆ. ಹೊರದೇಶದಿಂದ ಬರುವವರು ಯಾರಾದರೂ ಇದ್ದರೆ, ಐವತ್ತೆಂಟು ಮಿಲಿಮೀಟರಿನದು, ಎರಡು ತನ್ನಿ, ದುಡ್ಡು ಕೊಡುತ್ತೇನೆ. ನನ್ನ ಕೈಗೇ ಕೊಡಿ. ಭಾವ ಎದುರಿಗಿದ್ದರೆ ದಯವಿಟ್ಟು ಪೊಟ್ಟಣ ಬಿಚ್ಚಬೇಡಿ.