ಬಳ್ಳಾರಿಯ ಮೇಲೆ ಶನಿ

ನಮ್ಮೂರ ಸರ್ಕಾರಿ ಶಾಲೆಯನ್ನು ಸ್ಮಾರ್ಟ್ ಮಾಡುವ ಹುಚ್ಚು ನನ್ನ ತಲೆಗೇರಿದ್ದು ಎಸ್‌ಡಿಎಂಸಿ ಅಧ್ಯಕ್ಷನಾದ ಮೇಲೆ. ಶಾಲೆಯನ್ನು ಪೋಷಕರೂ ನೋಡಿಕೊಳ್ಳಲಿ ಎಂದು 2001ರಲ್ಲಿ ಸರ್ಕಾರ ಈ ಸಮಿತಿಗಳನ್ನು ತಂದಿತು. ಸಭೆಗೆ ಬಾರದವನನ್ನೇ ಅಧ್ಯಕ್ಷನನ್ನಾಗಿ ಮಾಡುವ ಪದ್ಧತಿ ಮಾತ್ರ ನಮ್ಮೂರಿನ ಸ್ವಂತದ್ದು.

ಖಜಾನೆಯ ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಸಂಖ್ಯೆ 31ರಿಂದ 100ರೊಳಗಿದ್ದರೆ ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ. ನಾವು ಆ ಗುಂಪಿನವರು. ಸೀಮೆಸುಣ್ಣ, ಬೀಗ, ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ಶೇ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ಮಿಕ್ಕಿದ್ದರಲ್ಲಿ ಕ್ರಾಂತಿ.

ಹಾಗಾಗಿ ಬೆಂಗಳೂರಿನ ಕಚೇರಿಯೊಂದು ಮೂಲೆಗೆಸೆದಿದ್ದ ಪ್ರೊಜೆಕ್ಟರನ್ನು ಬೇಡಿ ತಂದೆ. ಕರೆಂಟ್ ಬಿಲ್ಲಿನ ಚಿಂತೆ ಇರಲಿಲ್ಲ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ತೂ ನೀರೂ ಉಚಿತವೆಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿಗಳು ಘೋಷಿಸಿದ್ದರು. ಕರೆಂಟ್ ಬರುವುದು ಬೇರೆ ವಿಷಯ.

ಮೊದಲ ತೊಡಕು ಬೆಳಕಿನದು. ನಮ್ಮದು ಹೆಂಚಿನ ಶಾಲೆ. ಕೋಣೆಯ ನಡುಮಧ್ಯಕ್ಕೆ ಒಂದು ಗಾಜಿನ ಹೆಂಚು. ಹನ್ನೊಂದು ಗಂಟೆಗೆ ಬಿಸಿಲು ಅಲ್ಲಿಂದ ನೇರ ಗೋಡೆಗೆ. ಅದರ ಮೇಲೊಂದು ಗೋಣಿಚೀಲ ಹೊದಿಸಿದರಾಯಿತು ಎಂದು ಏಣಿ ಹಾಕಿದೆ. "ಸಾರ್, ಪಕಾಸಿನ ಮೇಲೆ ಕಾಲಿಡಿ" ಎಂದು ಏಳನೇ ಕ್ಲಾಸಿನ ಹುಡುಗಿ ಕೆಳಗಿನಿಂದ ಕೂಗಿದಳು. ಅಧ್ಯಕ್ಷರಿಗೆ ಪಾಠವೇ? ಹೆಂಚಿನ ಮೇಲೇ ಇಟ್ಟೆ. ಗಾಜಿನ ಹೆಂಚೇನೋ ಮುಚ್ಚಿತು; ಅಕ್ಕಪಕ್ಕದ ನಾಲ್ಕು ಹೆಂಚು ಬಾಯ್ಬಿಟ್ಟವು. ಮೊಣಕಾಲುದ್ದಕ್ಕೂ ಒಳಗಿಳಿದ ನನ್ನ ಕಾಲನ್ನು ತರಗತಿ ಕೆಳಗಿನಿಂದ ಶಿಸ್ತಾಗಿ ವೀಕ್ಷಿಸಿತು. ಆ ಕೋಣೆಯಲ್ಲಿ ಅಷ್ಟು ಬೆಳಕು ಅದುವರೆಗೆ ಬಿದ್ದಿರಲಿಲ್ಲ.

ಹೆಂಚಿನ ದುಡ್ಡು ನನ್ನ ಜೇಬಿನದು.

ಉದ್ಘಾಟನೆಗೆ ತಾಲ್ಲೂಕಿನಿಂದ ಸಾಹೇಬರು ಬಂದರು. ವಿಷಯ ಸೌರಮಂಡಲ. ಪರದೆಗೆ ದುಡ್ಡಿಲ್ಲದೆ ಗೋಡೆಗೇ ಬಿಟ್ಟೆವು. ಆ ಗೋಡೆಯಲ್ಲೋ, ಯಾವ ಕಾಲದ್ದೋ ಕರ್ನಾಟಕದ ಭೂಪಟ. ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದರೂ ನಮ್ಮ ಗೋಡೆಯಲ್ಲಿ ಇನ್ನೂ ಪಾಲಾಗಿಲ್ಲ. ಪೇಂಟಿನ ಖರ್ಚು ಯಾರು ಕೊಡಬೇಕು? ಗುರು ಹೋಗಿ ಕಲಬುರಗಿಯಲ್ಲಿ ಕೂತ, ಬುಧ ಮಂಗಳೂರಿನಾಚೆ ಕಡಲಿಗೆ ಬಿದ್ದ. ಶನಿ ಬಳೆ ಸಮೇತ ಬಳ್ಳಾರಿಯ ಮೇಲೆ. "ಶನಿಗ್ರಹ ಎಲ್ಲಿದೆ?" ಎಂದು ಸಾಹೇಬರು ಕೇಳಿದರು. "ಬಳ್ಳಾರಿ ಜಿಲ್ಲೆಯಲ್ಲಿ ಸಾರ್!" ಎಂದಿತು ಇಡೀ ಕ್ಲಾಸು. ಸಾಹೇಬರ ಊರು ಬಳ್ಳಾರಿ.

ಮಾತು ಮರೆಸಲು ನಾನು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಎತ್ತಿಕೊಂಡೆ. ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ಸಿಗುತ್ತದೆ ಎಂದು ವಿವರಿಸುತ್ತ, ನೆಟ್‌ವರ್ಕ್ ಸಿಗುವ ಏಕೈಕ ಜಾಗವಾದ ಬಿಸಿಯೂಟದ ಅಡುಗೆಮನೆಯ ಕಟ್ಟೆಗೆ ಎಲ್ಲರನ್ನೂ ಕರೆದೊಯ್ದೆ. ಸ್ಕ್ಯಾನ್ ಆಗಲೊಲ್ಲದು. ಪುಸ್ತಕದ ಒಡೆಯ ಕೋಡಿನ ಬಿಳಿ ಚೌಕಗಳಿಗೆಲ್ಲ ಪೆನ್ಸಿಲಿನಿಂದ ಬಣ್ಣ ತುಂಬಿದ್ದ. "ಅರ್ಧಕ್ಕೇ ಬಿಟ್ಟಿದ್ರು ಸಾರ್" ಎಂದ.

ವಾಪಸ್ ಬರುವಾಗ ಸಾಹೇಬರು ಪಕ್ಕದ ನಲಿ-ಕಲಿ ಕೋಣೆಯಲ್ಲಿ ನಿಂತುಬಿಟ್ಟರು. ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು, ತಮ್ಮ ಕಾರ್ಡು ತಾವೇ ಆರಿಸಿ, ಕಲಿಕಾ ಏಣಿಯಲ್ಲಿ ತಾವೆಲ್ಲಿದ್ದೇವೆಂದು ನೋಡಿಕೊಳ್ಳುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಪಾಠ ಮಾಡುವ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಅದು. ಬೇಕಾದದ್ದು ರಟ್ಟು, ಬಣ್ಣ, ತಾಳ್ಮೆಯ ಟೀಚರು. ನನಗೆ ಇವ್ಯಾವೂ ಹೊಳೆಯದಿರಲು ಕಾರಣ, ಇವಕ್ಕೆ ಪ್ಲಗ್ ಇರಲಿಲ್ಲ. ಸಾಹೇಬರು ಅಲ್ಲೇ ಅರ್ಧ ಗಂಟೆ ಕಳೆದು, ಸಂದರ್ಶಕರ ಪುಸ್ತಕದಲ್ಲಿ ಟೀಚರನ್ನು ಹೊಗಳಿ ಬರೆದರು. ನನ್ನ ಪ್ರೊಜೆಕ್ಟರಿನ ಬಗ್ಗೆ "ಗಮನಿಸಲಾಯಿತು" ಎಂದಿದೆ.

ಅದೇ ಸಂಜೆ ಕರೆಂಟ್ ಹೋಗಿ ಬಂದು, ಪ್ರೊಜೆಕ್ಟರಿನ ಬಲ್ಬ್ ಢಮಾರ್. ಅದರ ಬೆಲೆ ಕೇಳಿದ ಹೆಡ್ ಮೇಷ್ಟ್ರು ಅನುದಾನದ ಲೆಕ್ಕದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

ಹಳೇ ಯಂತ್ರಗಳನ್ನು ಶಾಲೆಗಳಿಗೆ ದಾನ ಮಾಡುವ ಪುಣ್ಯಾತ್ಮರಲ್ಲಿ ಒಂದು ವಿನಂತಿ: ಜೊತೆಗೊಂದು ಬಲ್ಬನ್ನೂ ಕೊಡಿ, ಸಾಧ್ಯವಾದರೆ ಒಂದು ಡಬ್ಬಿ ಸುಣ್ಣವನ್ನೂ. ಭೂಪಟ ಅಳಿಸಬೇಕಿದೆ.