ಅಜವಾನದ ಮೈಲೇಜು

ನಮ್ಮ ಜಮಖಂಡಿ ಸುತ್ತಲಿನ ಕಬ್ಬು ಕಾರ್ಖಾನೆ ಸೇರಿ ಎಥನಾಲ್ ಆಗುತ್ತದೆ, ಎಥನಾಲ್ ಪೆಟ್ರೋಲಿಗೆ ಬೆರೆಯುತ್ತದೆ. ನನ್ನ ಕಾರು ಮಾತ್ರ ಡೀಸೆಲ್ಲಿನದು. ಊರೆಲ್ಲ ಹೋಳಿಗೆ ಉಣ್ಣುವಾಗ ಏಕಾದಶಿ ಹಿಡಿದವನ ಸಂಕಟ ನನ್ನದು. ಹೀಗಿರುವಾಗ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನು ಶೇಂಗಾ ಎಣ್ಣೆಯಲ್ಲಿ ಓಡಿತ್ತೆಂದು ಓದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿಸಿದ್ದರಂತೆ. ಪ್ಯಾರಿಸ್ ಆಯಿತು, ಕಗ್ಗನಹಳ್ಳಿ ಆಯಿತು. ಇನ್ನು ಬನಹಟ್ಟಿಯ ಪಾಳಿ.

ಅಲ್ಲಿಯ ಮಿರ್ಚಿ ಭಜಿ ಅಂಗಡಿಯಲ್ಲಿ ಕರಿದುಳಿದ ಎಣ್ಣೆ ಕೇಳಿದೆ.

"ಯಾತಕ್ಕರೀ ಕಾಕಾ?"

"ಕಾರಿಗೆ."

ಆತ ನನ್ನನ್ನೇ ದಿಟ್ಟಿಸಿ, ಒಂದು ಪ್ಲೇಟು ಗಿರಮಿಟ್ ಪುಕ್ಕಟೆ ಕೊಟ್ಟ.

ಹೆಂಡತಿಯ ಹಳೇ ರಬಕವಿ ಸೀರೆ ಮಡಚಿ ಎಣ್ಣೆ ಸೋಸಿದೆ. ಅದು ಹಳೆಯದಲ್ಲವೆಂದು ಆಮೇಲೆ, ಬಹಳ ಸ್ಪಷ್ಟವಾಗಿ, ತಿಳಿಸಲಾಯಿತು. ಅರ್ಧ ಡೀಸೆಲ್, ಅರ್ಧ ಭಜಿ ಎಣ್ಣೆ. ಕಾರು ಹೊರಟಿತು! ಮುಧೋಳದಲ್ಲಿ ನಿಲ್ಲಿಸಿದಾಗ ಹೊಗೆಯ ವಾಸನೆಗೆ ಇಬ್ಬರು ಬಂದು, "ಭಜಿ ಬಿಸಿ ಅದಾವೇನ್ರೀ?" ಅಂದರು. ಹೆಮ್ಮೆಯಿಂದ ಬೀಳಗಿ ಕಡೆ ತಿರುಗಿಸಿದೆ. ಸ್ವಲ್ಪ ದೂರದಲ್ಲೇ ಕಾರು ಕೆಮ್ಮಿತು, ಜಗ್ಗಿತು, ನಿಂತೇಬಿಟ್ಟಿತು. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನ ಹುಡುಗ ಹಗ್ಗ ಕಟ್ಟಿ ಎಳೆದ. ಅವನದೂ ಡೀಸೆಲ್ಲೇ, ಆದರೆ ಬಂಕಿನದು.

ಮಿಸ್ತ್ರಿ ಫಿಲ್ಟರ್ ಬಿಚ್ಚಿ ಬೆರಳಿಗೆ ಹತ್ತಿದ ಹಳದಿ ರಾಡಿಯನ್ನು ಮೂಸಿದ. ಅದರಿಂದ ಏನನ್ನೋ ಹೆಕ್ಕಿ ಬಿಸಿಲಿಗೆ ಹಿಡಿದ.

"ಸಾಹೇಬ್ರ, ಅಜವಾನ."

ನಾನು ಪ್ಯಾರಿಸ್ಸಿನ ಮಾತೆತ್ತಿದೆ. ಅಡುಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. ಇಂಜೆಕ್ಟರಿನ ಕೂದಲೆಳೆಯಂಥ ತೂತಿನಲ್ಲಿ ಸಣ್ಣಗೆ ಸಿಡಿಯುವುದಿಲ್ಲ. ಬಯೋಡೀಸೆಲ್ ಆಗಬೇಕಾದರೆ ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ, ಅಡಿಗೆ ಇಳಿದ ಗ್ಲಿಸರಿನ್ ತೆಗೆದು, ತೊಳೆದು, ನೀರಿನಂಶ ಹೋಗಿಸಬೇಕು. ಇಷ್ಟೆಲ್ಲ ನಾನೇ ಅವನಿಗೆ ವಿವರಿಸಿದೆ.

"ಇಷ್ಟ ಗೊತ್ತಿದ್ದೂ ಸುರುವೀರಿ?"

ಟ್ಯಾಂಕ್ ಖಾಲಿ ಮಾಡಿದ, ಫಿಲ್ಟರ್ ಬದಲಿಸಿದ, ಇಂಜೆಕ್ಟರ್ ತೊಳೆದ. ಬಿಲ್ಲಿನ ಮೊತ್ತಕ್ಕೆ ವರ್ಷದ ಡೀಸೆಲ್ ಬರುತ್ತಿತ್ತು. ತೆಗೆದ ಎಣ್ಣೆಯನ್ನು ಚೆಲ್ಲಲು ಹೊರಟರೆ ಡಬ್ಬಿ ಕಸಿದುಕೊಂಡ. "ಇರಲಿ ಬಿಡ್ರಿ, ನಮ್ಮ ಶಟರ್ ಭಾಳ ಕಿರಗುಡತೈತಿ."