ರಾಜನಿಗೆ ಎಲ್ಲಾ ಗೊತ್ತು

ಭಾನುವಾರ ಬಂತೆಂದರೆ ನಮ್ಮ ನಾಯಿ ರಾಜನಿಗೆ ಸ್ನಾನದ ಸುಳಿವು ಹೇಗೋ ಸಿಕ್ಕಿಬಿಡುತ್ತದೆ. ಹಳೇ ಟವೆಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು "ಬಾರೋ ಜಾಣಮರಿ" ಎಂದು ಎಷ್ಟು ಪೂಸಿ ಹೊಡೆದರೂ ಮಂಚದಡಿಯಿಂದ ಬಾಲದ ತುದಿಯಷ್ಟೇ ಕಾಣುತ್ತದೆ. ಅದೇ ಅಡುಗೆಮನೆಯಲ್ಲಿ ಬಿಸ್ಕೆಟ್ ಪೊಟ್ಟಣ 'ಚರ್' ಎನ್ನಲಿ, ಮಹಡಿಯಿಂದ ಹಾರಿ ಬರುತ್ತಾನೆ! ಜಾಣ ರಾಜನೊಬ್ಬನೇ ಅಲ್ಲ, ಅಮೆರಿಕದ ಚೇಸರ್ ಎಂಬ ನಾಯಿ 1,022 ಆಟಿಕೆಗಳ ಹೆಸರು ಕಲಿತಿತ್ತು. ನನಗೆ ಪಕ್ಕದ ಮನೆಯವರ ಹೆಸರೇ ನೆನಪಿರುವುದಿಲ್ಲ, ಬಿಡಿ. 2016ರಲ್ಲಿ ಹಂಗೆರಿಯ ವಿಜ್ಞಾನಿಗಳು ನಾಯಿಗಳ ಮೆದುಳನ್ನು ಸ್ಕ್ಯಾನ್ ಮಾಡಿ, ಅವು ಮಾತನ್ನೂ ದನಿಯನ್ನೂ ಬೇರೆಬೇರೆಯಾಗಿ ತೂಗಿನೋಡುತ್ತವೆ ಎಂದರು. ಅಷ್ಟೆಲ್ಲ ಖರ್ಚೇಕೆ? ನನ್ನಾಕೆಯನ್ನು ಕೇಳಿದ್ದರೆ ಸಾಕಿತ್ತು. ಅವಳು ಗದರಿದರೆ ಕೂರುವ ರಾಜ, ನಾನು ಗದರಿದರೆ ಆಕಳಿಸುತ್ತಾನೆ. ನಾಯಿ ಸಾಕಿದವರೇ, ಮನೆಯ ಯಜಮಾನ ನಾನೇ ಎಂದು ಅದರೆದುರು ಮಾತ್ರ ಬಡಾಯಿ ಕೊಚ್ಚಬೇಡಿ.